ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಆಯ್ತು, ಮುಂದೆ? ಕೊಡಗಿನವರಿಗೆ ಊರೋ, ಮೈಸೂರೋ, ಮಂಗಳೂರೋ, ಬೆಂಗಳೂರೋ

ಮೇ ಕೊನೆಯ ಹೊತ್ತಿಗೆ ಕುಶಾಲನಗರದ ನನ್ನ ಅಂಗಡಿಗೆ ಎರಡು ತರದವರು ಬರುತ್ತಾರೆ. ಸಿಡಿಲಿಗೆ ಸುಟ್ಟ ಮೋಡೆಮ್ಮನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬರುವವರು ಕೆಲವರು. ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಬಂದು, ‘ಇವನದು ಡಿಪ್ಲೊಮಾ ಮುಗೀತು, ಎಲ್ಲಿಗೆ ಕಳಿಸೋದು ಹೇಳಿ’ ಅನ್ನುವವರು ಇನ್ನು ಕೆಲವರು. ಮೋಡೆಮ್‌ನವರದು ಸುಲಭ. ಐದು ನಿಮಿಷದಲ್ಲಿ ಆಗುತ್ತೆ, ಇಲ್ಲ ಆಗಲ್ಲ ಅಂತ ಹೇಳಬಹುದು. ಎರಡನೆಯವರಿಗೆ ಕಾಫಿ ತರಿಸಬೇಕಾಗುತ್ತದೆ.

ನಾನೂ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಡಿಪ್ಲೊಮಾದವನೇ. ಬೆಂಗಳೂರಲ್ಲಿ ಎರಡು ವರ್ಷ, ಮೈಸೂರಲ್ಲಿ ಆರು ವರ್ಷ ಕೆಲಸ ಮಾಡಿ ಊರಿಗೆ ವಾಪಸ್ ಬಂದೆ. ಅದಕ್ಕೇ ಜನ ಕೇಳುತ್ತಾರೆ. ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ಮೊದಲ ಮೂರು ವರ್ಷ ಮೈಸೂರು, ಕೊಡಗು ಆಮೇಲೆ. ಊರಲ್ಲಿ ಕೆಲಸ ಇದೆ, ಸುಳ್ಳಲ್ಲ. ಆದರೆ ಅದು ಕೆಲಸ ಕಲಿತು ಬಂದವನಿಗೆ ಸಿಗುವ ಕೆಲಸ. ಕಲಿಸುವವರು ಇಲ್ಲಿ ಕಡಿಮೆ.

ಎಲ್ಲರಿಗೂ ಈ ಉತ್ತರ ಹೊಂದಲ್ಲ. ಹಾಗಾಗಿ ಒಂದೊಂದಾಗಿ ನೋಡೋಣ.

ಊರಲ್ಲಿ ನಿಜಕ್ಕೂ ಏನಿದೆ

2011ರ ಜನಗಣತಿ ಪ್ರಕಾರ ಕೊಡಗಿನ ಜನಸಂಖ್ಯೆ 5,54,519. ರಾಜ್ಯದಲ್ಲೇ ಕಡಿಮೆ ಜನ ಇರುವ ಜಿಲ್ಲೆ. ರೈಲು ಇಲ್ಲ. ಎಲೆಕ್ಟ್ರಾನಿಕ್ ಸರ್ಕಿಟ್ ಬೋರ್ಡ್ ತಯಾರಿಸುವ ದೊಡ್ಡ ಕಾರ್ಖಾನೆ ಇಲ್ಲ. ಹಾಗಂತ ಎಲೆಕ್ಟ್ರಾನಿಕ್ಸ್ ಕೆಲಸ ಇಲ್ಲ ಅನ್ನುವುದು ತಪ್ಪು. ಅದು ಬೇರೆ ಬೇರೆ ವೇಷದಲ್ಲಿ ಇದೆ.

ಮೊದಲನೆಯದು ಕಾಫಿ. ದೇಶದ ಕಾಫಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ನಮ್ಮ ಜಿಲ್ಲೆಯದು. ಇಲ್ಲೇ ಕೂಡ್ಲೂರು ಕೈಗಾರಿಕಾ ಪ್ರದೇಶಕ್ಕೆ ಹೋಗಿ ಕಾಫಿ ಬೀಜ ಹದ ಮಾಡುವ ಯಾವುದಾದರೂ ಕ್ಯೂರಿಂಗ್ ವರ್ಕ್ಸ್ ಒಳಗೆ ನೋಡಿ, ಬಣ್ಣ ನೋಡಿ ಬೀಜ ಬೇರ್ಪಡಿಸುವ ಕಲರ್ ಸಾರ್ಟರ್ ನಿಂತಿರುತ್ತದೆ. ಬೀಜ ಇಳಿಜಾರು ತಗಡಿನ ಮೇಲೆ ಜಾರಿ ಬೀಳುವಾಗ ಕ್ಯಾಮೆರಾ ಒಂದೊಂದನ್ನೂ ನೋಡುತ್ತದೆ. ಕಪ್ಪು ಬೀಜ ಕಂಡರೆ ಗಾಳಿಯ ಸಣ್ಣ ನಳಿಕೆ ‘ಟಕ್’ ಅಂತ ಊದಿ ಅದನ್ನು ಆಚೆ ತಳ್ಳುತ್ತದೆ. ಮೆಷಿನ್ ಕೆಟ್ಟಾಗ ಒಳ್ಳೆ ಬೀಜವೂ ಕಸದ ಚೀಲಕ್ಕೆ ಹೋಗುತ್ತದೆ. ಹೊಸಬ ಬಂದವನು ನೇರವಾಗಿ ಬೋರ್ಡಿಗೆ ಕೈ ಹಾಕುತ್ತಾನೆ. ಪಳಗಿದವನು ಮೊದಲು ಕ್ಯಾಮೆರಾ ಮುಂದಿನ ಗಾಜು ಒರೆಸುತ್ತಾನೆ, ಆಮೇಲೆ ಕಂಪ್ರೆಸರ್ ಗಾಳಿಯಲ್ಲಿ ನೀರು ಬರುತ್ತಿದೆಯಾ ನೋಡುತ್ತಾನೆ, ಆಮೇಲೆ ವಾಲ್ವ್, ಕೊನೆಗೆ ಬೋರ್ಡ್. ಜನವರಿಯಿಂದ ಮೇ ತನಕ ಇಂಥವನಿಗೆ ಫೋನ್ ಮೇಲೆ ಫೋನ್. ಜುಲೈನಲ್ಲಿ ಒಂದೂ ಇಲ್ಲ.

ಎರಡನೆಯದು ಆನೆ. ನಗಬೇಡಿ. ತೋಟದ ಸುತ್ತ ಸೋಲಾರ್ ಬೇಲಿ ಹಾಕಿದವರು ಎಷ್ಟಿದ್ದಾರೆ ನೋಡಿ. ಅದರ ಎನರ್ಜೈಸರ್, ಅಂದರೆ ತಂತಿಗೆ ಕರೆಂಟ್ ಕೊಡುವ ಬಾಕ್ಸ್, ಹೆಚ್ಚುಕಡಿಮೆ ಸೆಕೆಂಡಿಗೆ ಒಂದು ಸಲ ಸಾವಿರಾರು ವೋಲ್ಟಿನ ಸಣ್ಣ ಪಲ್ಸ್ ಬಿಡುತ್ತದೆ. ಆನೆಗೆ ಚುರುಕ್ ಅನ್ನುತ್ತದೆ, ಸಾಯುವುದಿಲ್ಲ. ಮಳೆಗಾಲದಲ್ಲಿ ‘ಕರೆಂಟ್ ಬರ್ತಿಲ್ಲ’ ಅಂತ ಬಾಕ್ಸ್ ತರುತ್ತಾರೆ. ಮುಚ್ಚಳ ತೆಗೆದರೆ ಒಳಗೆ ಇರುವೆ ಗೂಡು, ಒಂದು ಒಣಗಿದ ಹಲ್ಲಿ, ಟ್ರಾನ್ಸ್‌ಫಾರ್ಮರ್ ಕಾಲಿನ ಹತ್ತಿರ ಹಸಿರು ಪಾಚಿ. ಎಷ್ಟೋ ಸಲ ಬೋರ್ಡ್ ಸರಿಯೇ ಇರುತ್ತದೆ. ತೋಟಕ್ಕೆ ಹೋಗಿ ನೋಡಿದರೆ ಬಳ್ಳಿ ಬೆಳೆದು ತಂತಿಗೆ ತಾಗಿರುತ್ತದೆ, ಅಥವಾ ಅರ್ತಿಂಗ್ ಸರಿಯಿರುವುದಿಲ್ಲ. ನೇರವಾಗಿ ಮನೆ ಕರೆಂಟನ್ನೇ ಬೇಲಿಗೆ ಕೊಡಿ ಅಂತ ಕೇಳುವವರೂ ಇದ್ದಾರೆ. ಅದು ಅಪರಾಧ. ಆನೆಯೂ ಸಾಯುತ್ತದೆ, ಮನುಷ್ಯರೂ ಸಾಯುತ್ತಾರೆ. ಆ ಕೆಲಸಕ್ಕೆ ಎಷ್ಟು ದುಡ್ಡು ಕೊಟ್ಟರೂ ಕೈ ಹಾಕಬೇಡಿ.

ಉಳಿದದ್ದು ಹೋಂಸ್ಟೇ ಮತ್ತು ರೆಸಾರ್ಟ್‌ಗಳ ಸಿಸಿಟಿವಿ, ವೈಫೈ, ಮನೆಮನೆಗೆ ಫೈಬರ್, ಇನ್ವರ್ಟರ್, ಛಾವಣಿಯ ಸೋಲಾರ್. 2024ರಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಬಂದ ಮೇಲೆ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ತನಕ ಸಬ್ಸಿಡಿ ಇದೆ ಅಂತ ಗೊತ್ತಾಗಿ ಕೇಳುವವರು ಹೆಚ್ಚಾದರು. ಮಡಿಕೇರಿಯಲ್ಲಿ 2016ರಲ್ಲಿ ಮೆಡಿಕಲ್ ಕಾಲೇಜು ಶುರುವಾದ ಮೇಲೆ ಆಸ್ಪತ್ರೆ ಉಪಕರಣ ನೋಡಿಕೊಳ್ಳುವ ಬಯೋಮೆಡಿಕಲ್ ಕೆಲಸವೂ ಜಿಲ್ಲೆಗೆ ಬಂದಿದೆ. ಆದರೆ ಹುದ್ದೆಗಳು ಬೆರಳೆಣಿಕೆಯಷ್ಟು.

ಈಗ ತೊಂದರೆ ಹೇಳುತ್ತೇನೆ. ಡಿಪ್ಲೊಮಾ ಮುಗಿದ ತಕ್ಷಣ ಇಲ್ಲಿ ಸಿಸಿಟಿವಿ ಅಂಗಡಿಗೆ ಸೇರಿದ ಹುಡುಗ ಎರಡು ವರ್ಷ ಏಣಿ ಹತ್ತಿ ಕೇಬಲ್ ಎಳೆಯುತ್ತಾನೆ, ಅದರ ತುದಿಗೆ ಆರ್‌ಜೆ45 ಪ್ಲಗ್ ಕ್ರಿಂಪ್ ಮಾಡುತ್ತಾನೆ. ಮೂರನೇ ವರ್ಷವೂ ಅದೇ. ಸಿಗ್ನಲ್‌ನ ಅಲೆ ತೋರಿಸುವ ಆಸಿಲೋಸ್ಕೋಪ್ ಮುಟ್ಟುವುದೇ ಇಲ್ಲ. ಓದಿದ್ದು ಮರೆತು ಹೋಗುತ್ತದೆ. ಇನ್ನೊಂದು, ದುಡ್ಡು. ತೋಟದವರು ಒಳ್ಳೆಯವರೇ, ಆದರೆ ‘ಕಾಫಿ ಮಾರಿದ ಮೇಲೆ ಕೊಡ್ತೀನಿ’ ಅನ್ನುವುದು ಇಲ್ಲಿನ ಕ್ರಮ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್ ಮಳೆಯಲ್ಲಿ, ರಿಪೇರಿ ಮಾಡಿದ್ದಕ್ಕೆ ಮಾರ್ಚ್‌ನಲ್ಲಿ ದುಡ್ಡು. ಅಷ್ಟು ದಿನ ತಡೆದುಕೊಳ್ಳಲು ಕೈಯಲ್ಲಿ ಸ್ವಲ್ಪ ಗಂಟು ಇರಬೇಕು, ಅಲ್ವಾ? ಇಪ್ಪತ್ತೊಂದು ವರ್ಷದ ಹುಡುಗನ ಹತ್ತಿರ ಅದು ಎಲ್ಲಿಂದ ಬರಬೇಕು?

ಮನೆಯಲ್ಲಿ ಸ್ವಂತ ತೋಟ ಇದ್ದು, ಅದನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲ ಅನ್ನುವವರ ಲೆಕ್ಕ ಬೇರೆ. ಅವರಿಗೆ ರಿಪೇರಿ ಕೆಲಸ ಕೈಖರ್ಚಿಗೆ ಆಗುತ್ತದೆ. ಆದರೂ ಆರು ತಿಂಗಳಾದರೂ ಹೊರಗೆ ಹೋಗಿ ಬನ್ನಿ ಅಂತಲೇ ನಾನು ಹೇಳುವುದು.

ಮೈಸೂರು: ಬಸ್ಸು ಊರು ಮುಟ್ಟುವ ಮೊದಲೇ ಕೆಲಸ

ಕುಶಾಲನಗರದಿಂದ ಮೈಸೂರಿಗೆ ಸುಮಾರು 85-90 ಕಿಲೋಮೀಟರ್. ಪಿರಿಯಾಪಟ್ಟಣ, ಹುಣಸೂರು ದಾಟಿ ಬಸ್ಸು ಹೋಗುತ್ತಿದ್ದರೆ, ಊರೊಳಗೆ ಹೋಗುವ ಮೊದಲೇ ಹೂಟಗಳ್ಳಿ ಬರುತ್ತದೆ. ಕೂರ್ಗಳ್ಳಿ, ಹೆಬ್ಬಾಳ, ಮೇಟಗಳ್ಳಿ ಎಲ್ಲ ಅದೇ ಬದಿ. ನಮ್ಮ ಕಡೆಯಿಂದ ಹೋದವರಿಗೆ ಇಂಡಸ್ಟ್ರಿಯಲ್ ಏರಿಯಾವೇ ಮೈಸೂರಿನ ಬಾಗಿಲು ಇದ್ದ ಹಾಗೆ.

ಅಲ್ಲಿರುವುದು ನಮ್ಮ ಓದಿಗೆ ನೇರವಾಗಿ ಹೊಂದುವ ಕೆಲಸ. 1988ರಲ್ಲಿ ಶುರುವಾದ ಕೇನ್ಸ್ ಟೆಕ್ನಾಲಜಿ ಮೈಸೂರಿನದೇ ಕಂಪನಿ, 2022ರಲ್ಲಿ ಷೇರು ಪೇಟೆಗೂ ಹೋಯಿತು. ಹಿಂದೆ ರಂಗ್‌ಸನ್ಸ್ ಅಂತ ಇದ್ದದ್ದು ಈಗ ಸೈಯಂಟ್ ಡಿಎಲ್‌ಎಂ. ಇವರದು ಬೇರೆ ಕಂಪನಿಗಳಿಗೆ ಬೋರ್ಡ್ ಜೋಡಿಸಿ ಕೊಡುವ ಕೆಲಸ: ರೈಲು, ವಿಮಾನ, ಆಸ್ಪತ್ರೆ ಉಪಕರಣ, ಕಾರು ಹೀಗೆ. ನಂಜನಗೂಡಿನಲ್ಲಿ ಆಸ್ಟ್ರಿಯಾದ ಎಟಿ ಅಂಡ್ ಎಸ್ ಕಂಪನಿಯ ಪಿಸಿಬಿ, ಅಂದರೆ ಬಿಡಿಭಾಗ ಕೂರಿಸುವ ಮೊದಲಿನ ಖಾಲಿ ಬೋರ್ಡ್, ತಯಾರಿಸುವ ಕಾರ್ಖಾನೆ ಇದೆ. ಅಲ್ಲೇ ನೆಸ್ಲೆಯವರ ಇನ್‌ಸ್ಟಂಟ್ ಕಾಫಿ ಕಾರ್ಖಾನೆಯೂ ಇದೆ. ಕಾಫಿ ತೋಟದಲ್ಲಿ ಬೆಳೆದ ಹುಡುಗ ಕಾಫಿ ಕಾರ್ಖಾನೆಯಲ್ಲೇ ಮೆಷಿನ್ ನಡೆಸುವ ಪಿಎಲ್‌ಸಿ ಕಂಟ್ರೋಲರ್, ಸೆನ್ಸರ್, ಫ್ಲೋ ಮೀಟರ್ ನೋಡಿಕೊಳ್ಳುವುದು ನನಗೇನೋ ಚಂದ ಅನಿಸುತ್ತದೆ. ಟೈರ್, ಆಕ್ಸಲ್, ಬೈಕ್ ಕಾರ್ಖಾನೆಗಳಲ್ಲೂ ಇಂಥ ಮೆಂಟೆನೆನ್ಸ್ ಕೆಲಸ ಇದೆ.

ಆದರೆ ‘ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಕೆಲಸ’ ಅನ್ನುವ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಕೆಲಸ ಇವೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬೋರ್ಡಿನ ಮೇಲೆ ಬಿಡಿಭಾಗ ಕೂರಿಸುವ ಎಸ್‌ಎಂಟಿ ಲೈನ್ ಹೀಗಿರುತ್ತದೆ. ಖಾಲಿ ಬೋರ್ಡಿನ ಮೇಲೆ ಮೊದಲು ಸೋಲ್ಡರ್ ಪೇಸ್ಟ್ ಪ್ರಿಂಟ್ ಆಗುತ್ತದೆ. ಮುಂದಿನ ಮೆಷಿನ್ ರೀಲಿನಿಂದ ಎಳ್ಳಿನಷ್ಟು ದೊಡ್ಡ ರೆಸಿಸ್ಟರ್‌ಗಳನ್ನು ಎತ್ತಿ ಎತ್ತಿ ಇಡುತ್ತದೆ. ಆಮೇಲೆ ಬೋರ್ಡ್ ರಿಫ್ಲೋ ಓವನ್ ಒಳಗೆ ಹೋಗುತ್ತದೆ. ಸೀಸ ಇಲ್ಲದ ಸೋಲ್ಡರ್ ಕರಗುವುದು 217 ಡಿಗ್ರಿ ಸೆಲ್ಸಿಯಸ್ ಹತ್ತಿರ, ಓವನ್ 240ರ ಆಸುಪಾಸಿಗೆ ಏರಿ ಇಳಿಯುತ್ತದೆ. ಹೊರಗೆ ಬಂದ ಬೋರ್ಡನ್ನು ಕ್ಯಾಮೆರಾ ಪರೀಕ್ಷೆ ಮಾಡುತ್ತದೆ. ಈ ಲೈನಿನಲ್ಲಿ ರೀಲು ತುಂಬಿಸುವ, ಟ್ರೇ ಎತ್ತುವ ಆಪರೇಟರ್ ಕೆಲಸ ಒಂದು. ಪರೀಕ್ಷೆಯಲ್ಲಿ ಬಿದ್ದ ಬೋರ್ಡನ್ನು ಮೇಜಿನ ಮೇಲಿಟ್ಟು, ಎಲ್ಲಿ ತಪ್ಪಾಗಿದೆ ಅಂತ ಹುಡುಕಿ ಸರಿ ಮಾಡುವ ಟೆಸ್ಟ್ ಮತ್ತು ಡಿಬಗ್ ಕೆಲಸ ಇನ್ನೊಂದು. ಸೇರುವಾಗ ಎರಡಕ್ಕೂ ಸಂಬಳ ಹೆಚ್ಚುಕಡಿಮೆ ಒಂದೇ ಇರಬಹುದು. ಮೂರು ವರ್ಷ ಆದ ಮೇಲೆ ನೋಡಿ, ಡಿಬಗ್ ಮಾಡಿದವನು ಎಲ್ಲಿ ಹೋದರೂ ಬದುಕುತ್ತಾನೆ. ಆಪರೇಟರ್ ಇನ್ನೊಂದು ಲೈನಿಗೆ ಆಪರೇಟರ್ ಆಗಿಯೇ ಹೋಗುತ್ತಾನೆ.

ನಾನು ಮೊದಲ ಎಂಟು ತಿಂಗಳು ಲೈನಿನಲ್ಲೇ ಇದ್ದೆ. ಮೈಯ ಸ್ಟ್ಯಾಟಿಕ್ ಕರೆಂಟ್ ಬೋರ್ಡಿಗೆ ತಾಗದ ಹಾಗೆ ಕೈಗೆ ಇಎಸ್‌ಡಿ ಪಟ್ಟಿ ಕಟ್ಟಿಕೊಂಡು ಟ್ರೇ ಎತ್ತುವುದು. ಊಟದ ವಿರಾಮದಲ್ಲಿ ಡಿಬಗ್ ಮೇಜಿನ ಹಿಂದೆ ಹೋಗಿ ನಿಂತು ಸುಮ್ನೆ ನೋಡುತ್ತಿದ್ದೆ. ಅಲ್ಲಿದ್ದ ಹಿರಿಯರೊಬ್ಬರು ಒಂದು ದಿನ ಬೋರ್ಡ್ ಕೈಗೆ ಕೊಟ್ಟು, ‘ನಿಂತು ನೋಡಿದ್ದು ಸಾಕು, ಶಾರ್ಟ್ ಎಲ್ಲಿದೆ ಹುಡುಕು ಮಾರಾಯ’ ಅಂದರು. ನನಗೆ ಎರಡು ದಿನ ಬೇಕಾಯಿತು. ಕೆಪಾಸಿಟರ್ ಒಂದರ ಅಡಿಯಲ್ಲಿ ಕೂದಲೆಳೆಯಷ್ಟು ಸೋಲ್ಡರ್ ಸೇತುವೆ. ಇವತ್ತು ಎನರ್ಜೈಸರ್ ಬೋರ್ಡ್ ನೋಡುವಾಗ ಕೈಗೆ ಬರುವುದು ಆ ಮೇಜಿನ ಅಭ್ಯಾಸವೇ. ಆ ಕೆಲಸದಲ್ಲಿರುವವರು ಐಪಿಸಿ-ಎ-610 ಅನ್ನುವ ಮಾನದಂಡದ ತರಬೇತಿ ತೆಗೆದುಕೊಳ್ಳುತ್ತಾರೆ. ಜೋಡಿಸಿದ ಬೋರ್ಡಿನಲ್ಲಿ ಯಾವುದು ಪಾಸು, ಯಾವುದು ಫೇಲು ಅಂತ ಹೇಳುವ ನಿಯಮ ಅದು. ಕಂಪನಿಯೇ ಕೊಡಿಸಿದರೆ ಬಿಡಬೇಡಿ.

ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾದವರಿಗೆ ಮೈಸೂರು ಇಷ್ಟು ಸಲೀಸಲ್ಲ. ‘ಇನ್ಫೋಸಿಸ್ ಇದೆಯಲ್ಲ’ ಅನ್ನುತ್ತಾರೆ. ಇದೆ. ಆದರೆ ಅಲ್ಲಿನ ದೊಡ್ಡ ಕ್ಯಾಂಪಸ್ ಮುಖ್ಯವಾಗಿ ಹೊಸಬರಿಗೆ ತರಬೇತಿ ಕೊಡುವ ಜಾಗ, ತರಬೇತಿ ಆದವರು ದೇಶದ ಯಾವ ಊರಿಗೆ ಬೇಕಾದರೂ ಹೋಗಬಹುದು. ಸಾಫ್ಟ್‌ವೇರ್ ಹುದ್ದೆಗೆ ಹೆಚ್ಚಿನವರು ಕೇಳುವುದು ಪದವಿ. ಡಿಪ್ಲೊಮಾಕ್ಕೆ ಸಿಗುವುದು ನೆಟ್‌ವರ್ಕ್, ಹಾರ್ಡ್‌ವೇರ್ ಸಪೋರ್ಟ್ ತರದ ಕೆಲಸ. ಕೋಡಿಂಗೇ ಬೇಕು ಅನ್ನುವವರು ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇಗೆ ಸೇರುವುದು ಒಳ್ಳೆಯದು. ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಪೊನ್ನಂಪೇಟೆಯ ಸಿಐಟಿ, ಸುಳ್ಯದ ಕೆವಿಜಿ, ಮೂರೂ ಮನೆಯಿಂದ ದೂರ ಇಲ್ಲ.

ಇನ್ನೊಂದು ಸಣ್ಣ ವಿಷಯ. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಸಾಯಂಕಾಲ ಶಿಫ್ಟ್ ಮುಗಿಸಿ ಬಸ್ ಹತ್ತಿದರೆ ರಾತ್ರಿ ಕದಿರು ತೆಗೆಯುವ ಹೊತ್ತಿಗೆ ಮನೆಯಲ್ಲಿರಬಹುದು. ಸಂಬಳದ ಚೀಟಿಯಲ್ಲಿ ಇದು ಕಾಣುವುದಿಲ್ಲ. ಆದರೆ ಕೆಲಸ ಬಿಟ್ಟು ಓಡಿ ಬರುವ ಹುಡುಗರನ್ನು ಕೇಳಿ ನೋಡಿ, ಎಷ್ಟೋ ಜನರ ಕಾರಣ ಇದೇ.

ಬೆಂಗಳೂರು

ಅವಕಾಶ ಅತಿ ಜಾಸ್ತಿ ಇರುವುದು ಇಲ್ಲೇ, ಅದರಲ್ಲಿ ಎರಡು ಮಾತಿಲ್ಲ. ಬಿಇಎಲ್, ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್), ಎಚ್‌ಎಎಲ್ ತರದ ಹಳೆಯ ಸರ್ಕಾರಿ ಕಂಪನಿಗಳು, ಪೀಣ್ಯದ ಸಣ್ಣ ಪುಟ್ಟ ಘಟಕಗಳು, ಎಲೆಕ್ಟ್ರಾನಿಕ್ ಸಿಟಿ. ಈಚೆಗೆ ದೇವನಹಳ್ಳಿಯ ಫಾಕ್ಸ್‌ಕಾನ್, ಕೋಲಾರ ಕಡೆ ನರಸಾಪುರದಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್. ಫೋನ್ ಕಾರ್ಖಾನೆಗಳು ಹೆಣ್ಣುಮಕ್ಕಳನ್ನೇ ಜಾಸ್ತಿ ತೆಗೆದುಕೊಳ್ಳುತ್ತವೆ. ಆದರೆ ಅಲ್ಲಿ ಹೆಚ್ಚಿನದು ಜೋಡಣೆ ಲೈನ್. ಮೇಲೆ ಹೇಳಿದ ಆಪರೇಟರ್, ಡಿಬಗ್ ಮಾತು ಅಲ್ಲಿಗೂ ಅನ್ವಯ.

ಬೆಂಗಳೂರಿಗೆ ಹೋಗುವುದಾದರೆ ಸರ್ಕಾರಿ ಕಂಪನಿಯ ಅಪ್ರೆಂಟಿಸ್ ಆಗಿ ಹೋಗಿ ಅಂತ ನನ್ನ ಸಲಹೆ. ಕೇಂದ್ರ ಸರ್ಕಾರದ ಅಪ್ರೆಂಟಿಸ್ ಯೋಜನೆಯಾದ ಎನ್‌ಎಟಿಎಸ್‌ನ ಪೋರ್ಟಲ್‌ನಲ್ಲಿ ಹೆಸರು ದಾಖಲಿಸಿಕೊಂಡು ಅರ್ಜಿ ಹಾಕಬೇಕು. ಒಂದು ವರ್ಷದ ತರಬೇತಿ. 2019ರ ನಿಯಮದಲ್ಲಿ ಡಿಪ್ಲೊಮಾದವರಿಗೆ ಕನಿಷ್ಠ 8,000, ಪದವೀಧರರಿಗೆ 9,000 ರೂಪಾಯಿ ಸ್ಟೈಪೆಂಡ್ ಅಂತ ಗೊತ್ತುಮಾಡಿದ್ದರು. ಅದರಲ್ಲಿ ಬೆಂಗಳೂರಿನ ಪಿಜಿ, ಊಟ ಕಷ್ಟ. ಮನೆಯಿಂದ ಸ್ವಲ್ಪ ಕಳಿಸಬೇಕಾಗುತ್ತದೆ. ವರ್ಷ ಮುಗಿದ ಮೇಲೆ ಅಲ್ಲೇ ಕೆಲಸ ಕೊಡುತ್ತಾರೆ ಅನ್ನುವ ಖಾತರಿ ಇಲ್ಲ. ಆದರೆ ಆ ಸರ್ಟಿಫಿಕೇಟ್ ಹಿಡಿದು ಮೈಸೂರಿಗೆ ಬಂದರೆ ಬೆಲೆ ಇದೆ.

ನಾನು ಹಾಗೆ ಹೋಗಲಿಲ್ಲ, ಕೇಳಿ. ಒಂದು ಕನ್ಸಲ್ಟೆನ್ಸಿಯವರು ‘ಎಂಬೆಡೆಡ್ ಕಂಪನಿಯಲ್ಲಿ ಕೆಲಸ’ ಅಂತ ಹೇಳಿ ಮೊದಲೇ ದುಡ್ಡು ತೆಗೆದುಕೊಂಡರು. ಅಪ್ಪ ಕರಿಮೆಣಸು ಮಾರಿದ ದುಡ್ಡು. ಹೋಗಿ ನೋಡಿದರೆ ಗೋದಾಮಿನಲ್ಲಿ ಸೆಟ್‌ಟಾಪ್ ಬಾಕ್ಸ್ ಪ್ಯಾಕ್ ಮಾಡುವ ಕೆಲಸ. ನಾಚಿಕೆಗೆ ಊರಲ್ಲಿ ಹೇಳದೆ ಎರಡು ವರ್ಷ ಅಲ್ಲೇ ಕಳೆದೆ. ಕೆಲಸ ಕೊಡಿಸಲು ದುಡ್ಡು ಕೇಳುವವರ ಕಡೆ ತಿರುಗಿಯೂ ನೋಡಬೇಡಿ.

ಮಂಗಳೂರು

ಸಂಪಾಜೆ, ಮಡಿಕೇರಿ ಕಡೆಯವರಿಗೆ ಮೈಸೂರಿಗಿಂತ ಮಂಗಳೂರೇ ಹತ್ತಿರದ್ದು ಅನಿಸಬಹುದು. ಮಡಿಕೇರಿಯಿಂದ ಎರಡೂ ಕಡೆಗೆ ದೂರದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಮಂಗಳೂರಲ್ಲಿ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಕಾರ್ಖಾನೆ, ಎಂಸಿಎಫ್ ಗೊಬ್ಬರ ಕಾರ್ಖಾನೆ, ಬಂದರು, ಮುಡಿಪುವಿನಲ್ಲಿ ಇನ್ಫೋಸಿಸ್ ಇವೆ. ಬೋರ್ಡ್ ಕೆಲಸ ಕಡಿಮೆ, ಇನ್‌ಸ್ಟ್ರುಮೆಂಟೇಷನ್, ಅಂದರೆ ಅಳೆಯುವ, ನಿಯಂತ್ರಿಸುವ ಉಪಕರಣಗಳ ಕೆಲಸ ಜಾಸ್ತಿ: ಪ್ರೆಷರ್ ಟ್ರಾನ್ಸ್‌ಮಿಟರ್, ಕಂಟ್ರೋಲ್ ವಾಲ್ವ್, 4-20 ಮಿಲಿಆಂಪ್ ಸಿಗ್ನಲ್ ಲೂಪ್. ಗುತ್ತಿಗೆದಾರರ ಕೈಕೆಳಗೆ, ಕಾರ್ಖಾನೆ ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಸಮಯದಲ್ಲಿ ಕೆಲಸ ಸಿಗುತ್ತದೆ. ಗಲ್ಫ್‌ಗೆ ಹೋಗುವ ಯೋಚನೆ ಇದ್ದರೆ ಇದೇ ಸರಿಯಾದ ದಾರಿ. ಮಡಿಕೇರಿ, ಮಂಗಳೂರು ನಡುವಿನ ಘಾಟಿ ರಸ್ತೆ ಮಾತ್ರ ಮರೆಯಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಆ ದಾರಿಯೇ ಇರಲಿಲ್ಲ.

ಸೈನ್ಯ, ಸರ್ಕಾರಿ ಕೆಲಸ

ಕೊಡಗಿನಲ್ಲಿ ಇದನ್ನು ಬಿಟ್ಟು ಬರೆದರೆ ಬೈಸಿಕೊಳ್ಳುತ್ತೇನೆ. ವಾಯುಪಡೆಯ ಅಗ್ನಿವೀರ್ ವಾಯುವಿಗೆ ಪಿಯುಸಿ ಬದಲು ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್ ಮುಂತಾದ ಮೂರು ವರ್ಷದ ಡಿಪ್ಲೊಮಾವೂ ನಡೆಯುತ್ತದೆ, ಒಟ್ಟು 50 ಶೇಕಡ ಮತ್ತು ಇಂಗ್ಲಿಷ್‌ನಲ್ಲಿ ಅವರು ಕೇಳಿದಷ್ಟು ಅಂಕ ಇರಬೇಕು. ಸೇವೆ ನಾಲ್ಕು ವರ್ಷ, ಆಮೇಲೆ ಉಳಿಸಿಕೊಳ್ಳುವುದು 25 ಶೇಕಡ ತನಕ. ಹೊರಗೆ ಬರುವಾಗ ಕೈಯಲ್ಲಿ ಸ್ವಲ್ಪ ದುಡ್ಡಿರುತ್ತದೆ, ಶಿಸ್ತು ಇರುತ್ತದೆ, ವಯಸ್ಸೂ ಜಾಸ್ತಿ ಆಗಿರುವುದಿಲ್ಲ.

ಇಸ್ರೋದ ಟೆಕ್ನಿಕಲ್ ಅಸಿಸ್ಟೆಂಟ್ ಹುದ್ದೆಗೆ ಫಸ್ಟ್ ಕ್ಲಾಸ್ ಡಿಪ್ಲೊಮಾ ಬೇಕು. ರೈಲ್ವೆ ಜೂನಿಯರ್ ಎಂಜಿನಿಯರ್‌ಗೂ ಅರ್ಜಿ ಹಾಕಬಹುದು. ವಿದ್ಯುತ್ ಕಂಪನಿಗಳ ಹುದ್ದೆಗೆ ಅರ್ಜಿ ಹಾಕುವ ಮೊದಲು ಪ್ರಕಟಣೆಯನ್ನು ಎರಡು ಸಲ ಓದಿ. ‘ಎಲೆಕ್ಟ್ರಿಕಲ್’ ಅಂತ ಇದ್ದರೆ ಅದು ‘ಎಲೆಕ್ಟ್ರಾನಿಕ್ಸ್’ ಅಲ್ಲ. ಈ ಎರಡು ಪದದ ಗೊಂದಲದಲ್ಲಿ ಅರ್ಜಿ ಶುಲ್ಕ ಕಳೆದುಕೊಂಡವರು ನನಗೆ ಗೊತ್ತು. ಈ ಪರೀಕ್ಷೆಗಳಿಗೆ ಅಂತ ಮನೆಯಲ್ಲೇ ಕೂರಬೇಡಿ, ಕೆಲಸ ಮಾಡುತ್ತಲೇ ಓದಿ. ಆರು ತಿಂಗಳು ಕೆಲಸ ಸಿಗದೆ ಇದ್ದರೆ ಯುವನಿಧಿಯಲ್ಲಿ ಡಿಪ್ಲೊಮಾದವರಿಗೆ ತಿಂಗಳಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಬಸ್ ಚಾರ್ಜಿಗೆ, ಅರ್ಜಿ ಶುಲ್ಕಕ್ಕೆ ಆಗುತ್ತದೆ.

ಆಫರ್ ಲೆಟರ್ ಕೈಗೆ ಬಂದಾಗ

ಎರಡು ಊರಿಂದ ಕರೆ ಬಂದರೆ ಜನ ಸಂಬಳದ ಅಂಕಿ ಮಾತ್ರ ನೋಡುತ್ತಾರೆ. ಉದಾಹರಣೆಗೆ ವರ್ಷಕ್ಕೆ 2.4 ಲಕ್ಷ ಸಿಟಿಸಿ, ಅಂದರೆ ನಿಮ್ಮ ಮೇಲೆ ಕಂಪನಿಗಾಗುವ ಒಟ್ಟು ಖರ್ಚು, ಅಂತ ಇದೆ ಅಂದುಕೊಳ್ಳಿ. ತಿಂಗಳಿಗೆ 20,000 ಅಂತ ಅಪ್ಪ ಅಮ್ಮ ಖುಷಿಪಡುತ್ತಾರೆ. ಆದರೆ ಸಿಟಿಸಿಯಲ್ಲಿ ಕಂಪನಿ ಕಟ್ಟುವ ಪಿಎಫ್ ಕೂಡ ಸೇರಿರುತ್ತದೆ. ಬೇಸಿಕ್ 12,000 ಆದರೆ ಕಂಪನಿಯ ಪಾಲು 1,440, ನಿಮ್ಮ ಪಾಲು ಇನ್ನೊಂದು 1,440. ಸಂಬಳ 21,000ದ ಒಳಗಿದ್ದರೆ ಇಎಸ್‌ಐ ಆರೋಗ್ಯ ವಿಮೆ ಕೂಡ ಇದೆ, ನಿಮ್ಮದು 0.75 ಶೇಕಡ, ಕಂಪನಿಯದು 3.25. ಎಲ್ಲ ಕಳೆದು ಕೈಗೆ ಬರುವುದು 16,400ರ ಹತ್ತಿರ. ಕ್ಯಾಂಟೀನ್, ಬಸ್ಸಿಗೆ ಹಿಡಿದರೆ ಇನ್ನೂ ಕಡಿಮೆ. ಪಿಎಫ್, ಇಎಸ್‌ಐ ಹಿಡಿಯುವ ಕಂಪನಿ ಕೆಟ್ಟದ್ದು ಅಂತ ಅಲ್ಲ, ಹಿಡಿಯದೆ ಇದ್ದರೇ ಅನುಮಾನ ಪಡಬೇಕು.

ಹಾಗಾಗಿ ಇಂಟರ್‌ವ್ಯೂನಲ್ಲಿ ನಾಚಿಕೆ ಬಿಟ್ಟು ಕೇಳಿ: ಕೈಗೆ ಎಷ್ಟು ಬರುತ್ತೆ? ಹೆಸರು ಇರುವುದು ಕಂಪನಿಯ ರೋಲ್‌ನಲ್ಲಾ (ನೌಕರರ ಪಟ್ಟಿ), ಗುತ್ತಿಗೆದಾರನ ರೋಲ್‌ನಲ್ಲಾ? ನೈಟ್ ಶಿಫ್ಟ್ ಇದ್ದರೆ ಪಿಜಿ ತನಕ ಬಸ್ ಇದೆಯಾ? ಸೇರಿದ ಮೇಲೆ ಲೈನಿನಲ್ಲಾ, ಟೆಸ್ಟ್‌ನಲ್ಲಾ? ಲೈನ್ ಆದರೆ ಟೆಸ್ಟ್‌ಗೆ ಹೋಗಲು ಎಷ್ಟು ತಿಂಗಳು ಬೇಕು, ಹಾಗೆ ಹೋದವರು ಈಗ ಯಾರಿದ್ದಾರೆ?

ಹೋದ ವರ್ಷ ಸೋಮವಾರಪೇಟೆ ಕಡೆಯ ಹುಡುಗಿಯೊಬ್ಬಳು ಈ ಕೊನೆಯ ಪ್ರಶ್ನೆ ಕೇಳಿದ್ದಕ್ಕೆ ಎಚ್‌ಆರ್‌ನವರು ನಕ್ಕು, ಒಳಗಿನಿಂದ ಟೆಸ್ಟ್ ವಿಭಾಗದವರನ್ನೇ ಕರೆಸಿದರಂತೆ. ಬಂದವರು ಕೈಗೆ ಮಲ್ಟಿಮೀಟರ್ ಕೊಟ್ಟು ಒಂದು ಡಯೋಡ್ ನೋಡಲು ಹೇಳಿದರು. ಅವಳು ನೋಡಿ, ‘ಎರಡೂ ಕಡೆ ಬೀಪ್ ಬರ್ತಿದೆ ಸಾರ್, ಇದು ಶಾರ್ಟ್’ ಅಂದಳು. ಈಗ ಟೆಸ್ಟ್‌ನಲ್ಲೇ ಇದ್ದಾಳೆ.